ಸ್ಟಾಕ್ ಇಲ್ಲ: ಭಾನಾಪುರದ ಅಚ್ಚು, ಕಿನ್ನಾಳದ ಕೈ

ಮೊದಲು ಒಂದು ಲೆಕ್ಕ ಮಾಡೋಣ. ಆರು ಇಂಚಿನ ಒಂದು ಆ್ಯಕ್ಷನ್ ಫಿಗರ್ ಮಾಡಲು ಬೇಕಾದ ಉಕ್ಕಿನ ಅಚ್ಚುಗಳಿಗೆಲ್ಲ ಸೇರಿ 40 ಲಕ್ಷ ರೂಪಾಯಿ ಆಯ್ತು ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ಯಾವ ಕಂಪನಿಯದ್ದೂ ಅಲ್ಲ. ಆ ಅಚ್ಚಿನಿಂದ 5,000 ಗೊಂಬೆ ತೆಗೆದರೆ ಒಂದೊಂದರ ತಲೆ ಮೇಲೆ ಅಚ್ಚಿನ ಖರ್ಚು 800 ರೂಪಾಯಿ ಬೀಳುತ್ತದೆ. 2 ಲಕ್ಷ ಗೊಂಬೆ ತೆಗೆದರೆ ಬರೀ 20 ರೂಪಾಯಿ. ಪ್ಲಾಸ್ಟಿಕ್ಕು, ಬಣ್ಣ, ಡಬ್ಬಿ ಎರಡಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಚ್ಚು ಇನ್ನೂ ಗಟ್ಟಿಮುಟ್ಟಾಗಿ ಮಷೀನಿನಲ್ಲಿ ಕೂತಿದೆ, ಅರ್ಧ ನಿಮಿಷಕ್ಕೊಂದು ಸಲ ಬಾಯಿ ತೆರೆದು ಕೈಕಾಲು ಉದುರಿಸಬಲ್ಲದು. ಹೀಗಿದ್ದೂ 5,000ಕ್ಕೇ ನಿಲ್ಲಿಸಿ, ಡಬ್ಬಿ ಮೇಲೆ 'ಲಿಮಿಟೆಡ್ ಎಡಿಷನ್' ಅಂತ ಹೊಳೆಯುವ ಸ್ಟಿಕರ್ ಯಾಕೆ ಅಂಟಿಸ್ತಾರೆ?

ಹಾಸ್ಟೆಲಿನ ಟ್ರಂಕು ತೆಗೆದರೆ ಬಟ್ಟೆಗಿಂತ ಹೆಚ್ಚು ಹಾಟ್ ವೀಲ್ಸ್ ಇರುವ ಗೆಳೆಯರು ನಮ್ಮಲ್ಲಿ ಇದ್ದಾರೆ. ಇಂಟರ್ನ್‌ಶಿಪ್ ದುಡ್ಡಿನಲ್ಲಿ ಮೊದಲು ಒಂದು ಬ್ಯಾಟ್‌ಮ್ಯಾನ್ ತಗೊಂಡವರೂ ಇದ್ದಾರೆ. 'ಸ್ಟಾಕ್ ಇಲ್ಲ', 'ನಿಮ್ಮ ಪಿನ್‌ಕೋಡಿಗೆ ಡೆಲಿವರಿ ಇಲ್ಲ', 'ನಿಮ್ಮ ಆರ್ಡರ್ ರದ್ದಾಗಿದೆ' ಅನ್ನೋ ಮೂರು ವಾಕ್ಯ ಇವರಿಗೆಲ್ಲ ಬಾಯಿಪಾಠ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಎರಡನೆಯದಂತೂ ತೀರಾ ಪರಿಚಯ. ಆದರೆ ಈ ಕೊರತೆಗಳೆಲ್ಲ ಒಂದೇ ಜಾತಿಯವಲ್ಲ. ಯಾವುದು ಯಂತ್ರದ ಮಿತಿ, ಯಾವುದು ಮಾಲೀಕನ ತೀರ್ಮಾನ, ಯಾವುದು ದಾರಿಯ ತೊಂದರೆ, ಯಾವುದು ಮನುಷ್ಯನ ಕೈಯ ಮಿತಿ ಅಂತ ಬಿಡಿಸಿ ನೋಡೋದು ಎಂಜಿನಿಯರಿಂಗ್ ಓದುವವರಿಗೆ ಕಷ್ಟದ ಕೆಲಸ ಅಲ್ಲ. ಅದಕ್ಕೆ ಕೊಪ್ಪಳಕ್ಕಿಂತ ಒಳ್ಳೆ ಪ್ರಯೋಗಶಾಲೆಯೂ ಸಿಗಲ್ಲ. ಒಂದೇ ಜಿಲ್ಲೆಯಲ್ಲಿ ಭಾನಾಪುರದ ಆಟಿಕೆ ಕ್ಲಸ್ಟರ್ ಇದೆ, ಕಿನ್ನಾಳದ ಚಿತ್ರಗಾರರ ಓಣಿಯೂ ಇದೆ.

ಕೀಲು ಇದ್ದರೆ ಆ್ಯಕ್ಷನ್

ಹೆಸರಿನ ಕಥೆ ಚಿಕ್ಕದು, ಬೇಗ ಮುಗಿಸೋಣ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿ 'ಜಿ.ಐ. ಜೋ' ಎಂಬ ಹನ್ನೆರಡು ಇಂಚಿನ ಸೈನಿಕನ ಗೊಂಬೆ ತಂದಿತು. 'ಗೊಂಬೆ' ಅಂದ್ರೆ ಗಂಡುಹುಡುಗರು ಮುಟ್ಟೋದಿಲ್ಲ ಅನ್ನೋ ಭಯಕ್ಕೆ 'ಆ್ಯಕ್ಷನ್ ಫಿಗರ್' ಅನ್ನೋ ಹೆಸರು ಹುಟ್ಟಿತು. ಅದರ ವಿಶೇಷ ಅಂದ್ರೆ 21 ಕಡೆ ತಿರುಗುವ ಅಂಗಗಳು. ಇವತ್ತಿಗೂ ಸಂಗ್ರಾಹಕರು ಗೊಂಬೆಯನ್ನು ಅಳೆಯೋದು ಎಷ್ಟು ಕಡೆ ಕೀಲಿದೆ ಅನ್ನೋದರ ಮೇಲೆಯೇ.

ನಮ್ಮ ಭಾಷೆಯಲ್ಲಿ ಇದಕ್ಕೆ ಕೀಲುಗೊಂಬೆ ಅನ್ನೋ ಮಾತು ಮೊದಲೇ ಇತ್ತು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ನೆನಪಿರಬಹುದು. ಆಗ ಅವರಿಗೆ 96 ವರ್ಷ. ಅವರು ಆಡಿಸುವ ತೊಗಲುಗೊಂಬೆಯಲ್ಲೂ ಕೈ ಬೇರೆ ತುಂಡು, ಮುಂಗೈ ಬೇರೆ ತುಂಡು, ನಡುವೆ ದಾರದ ಕೀಲು. ಕೀಲು ಸಡಿಲವಾದರೆ ರಾಮ ಬಿಲ್ಲು ಎತ್ತೋದಿಲ್ಲ, ಬಿಗಿಯಾದರೂ ಎತ್ತೋದಿಲ್ಲ. ಪ್ಲಾಸ್ಟಿಕ್ ಗೊಂಬೆಯ ಭುಜದಲ್ಲೂ ಇರೋದು ಇದೇ ಸಮಸ್ಯೆ. ಅಲ್ಲಿ ಅದನ್ನು ಫಿಟ್ಟು, ಟಾಲರೆನ್ಸು ಅಂತೀವಿ, ಅಷ್ಟೇ ವ್ಯತ್ಯಾಸ.

ಅಚ್ಚಿನ ಗುಣ

ಆ್ಯಕ್ಷನ್ ಫಿಗರ್ ಹುಟ್ಟೋದು ಇಂಜೆಕ್ಷನ್ ಮೋಲ್ಡಿಂಗಿನಲ್ಲಿ. ಎದೆ, ತೊಡೆಯಂಥ ಗಟ್ಟಿ ಭಾಗಕ್ಕೆ ಸಾಮಾನ್ಯವಾಗಿ ಎಬಿಎಸ್, ತಲೆ ಮತ್ತು ಬಟ್ಟೆಯ ಅಂಚಿನಂಥ ಮೆತ್ತನೆ ಭಾಗಕ್ಕೆ ಪಿವಿಸಿ, ಉಜ್ಜಾಟ ಇರುವ ಕೀಲಿಗೆ ಕೆಲವು ಸಲ ಅಸಿಟಾಲ್. ಕರಗಿದ ಪ್ಲಾಸ್ಟಿಕ್ ಒತ್ತಡದಲ್ಲಿ ಅಚ್ಚಿಗೆ ನುಗ್ಗುತ್ತದೆ, ತಣ್ಣಗಾಗುತ್ತದೆ, ಹೊರಗೆ ಬೀಳುತ್ತದೆ. ಈ ಚಕ್ರ ಅಗ್ಗ, ಅಚ್ಚು ತುಟ್ಟಿ. ಉಕ್ಕನ್ನು ಮಿಲ್ಲಿಂಗ್ ಮಾಡಿ, ಮಿಲ್ಲಿಂಗ್ ಟೂಲ್ ಹೋಗದ ಮೂಲೆಗೆ ಸ್ಪಾರ್ಕ್ ಎರೋಷನ್ ಮಾಡಿ, ಪಾಲಿಶ್ ಹೊಡೆದು, ಟ್ರಯಲ್ ತೆಗೆದು, ಮತ್ತೆ ತಿದ್ದಿ, ಇಷ್ಟಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಆ ತಿಂಗಳುಗಳನ್ನು ಯಾರೂ ಹಾರಿಸಲಾರರು ಅನ್ನೋದಕ್ಕೆ ಒಂದು ಹಳೇ ಉದಾಹರಣೆ ಇದೆ. 1977ರ ಮೇ ತಿಂಗಳಲ್ಲಿ 'ಸ್ಟಾರ್ ವಾರ್ಸ್' ಸಿನಿಮಾ ಬಂತು. ಆಟಿಕೆಯ ಹಕ್ಕು ಕೆನರ್ ಎಂಬ ಕಂಪನಿಯದ್ದು. ಸಿನಿಮಾ ಹೀಗೆ ಓಡುತ್ತೆ ಅಂತ ಯಾರೂ ಎಣಿಸಿರಲಿಲ್ಲ, ಅಚ್ಚು ತಯಾರಿರಲಿಲ್ಲ, ಕ್ರಿಸ್‌ಮಸ್ ಹತ್ತಿರ ಬಂತು. ಕೆನರ್ ಏನು ಮಾಡಿತು ಗೊತ್ತಾ? ಗೊಂಬೆಯೇ ಇಲ್ಲದ ರಟ್ಟಿನ ಪ್ಯಾಕೆಟ್ ಮಾರಿತು. ಒಳಗೆ ಒಂದು ಕೂಪನ್. ಅದನ್ನು ಅಂಚೆಗೆ ಹಾಕಿದ ಮಕ್ಕಳಿಗೆ 1978ರ ಆರಂಭದಲ್ಲಿ ನಾಲ್ಕು ಗೊಂಬೆ ಮನೆಗೆ ಬಂದವು. ಇವತ್ತಿನ ಪ್ರೀ-ಆರ್ಡರ್‌ನ ತಾತ ಅದು. ಆ ಕೊರತೆ ನಿಜವಾದ ಕೊರತೆ. ಉಕ್ಕು ಕೊರೆಯೋಕೆ ಹಿಡಿಯುವ ಸಮಯಕ್ಕೆ ಯಾರನ್ನೂ ಬೈಯೋಕಾಗಲ್ಲ.

ಒಮ್ಮೆ ಅಚ್ಚು ಕೈಗೆ ಬಂತೆಂದರೆ ಕಥೆ ತಿರುಗುತ್ತದೆ. ಇಷ್ಟು ದುಡ್ಡು ಸುರಿದ ಉಕ್ಕನ್ನು ಯಾರೂ ಸುಮ್ಮನೆ ಇಡಲ್ಲ. 1980ರ ದಶಕದಲ್ಲಿ ಮ್ಯಾಟೆಲ್ ಕಂಪನಿ ಹೀ-ಮ್ಯಾನ್ ಸರಣಿ ತಂದಾಗ ಅವನು ಏರುವ ಹಸಿರು ಹುಲಿ ಬ್ಯಾಟಲ್ ಕ್ಯಾಟ್‌ಗೆ ಹೊಸ ಅಚ್ಚು ಮಾಡಲೇ ಇಲ್ಲ. ತನ್ನದೇ ಬಿಗ್ ಜಿಮ್ ಎಂಬ ಹಳೇ ಸರಣಿಯ ಹುಲಿಯ ಅಚ್ಚನ್ನೇ ಬಳಸಿತು. ಬಿಗ್ ಜಿಮ್ ದೊಡ್ಡ ಗೊಂಬೆ, ಆದ್ದರಿಂದ ಸಣ್ಣ ಹೀ-ಮ್ಯಾನ್ ಪಕ್ಕ ಆ ಹುಲಿ ಕುದುರೆಯಷ್ಟು ದೊಡ್ಡದಾಗಿ ಕಂಡಿತು, ಸವಾರಿಗೆ ಸರಿಹೋಯಿತು. ಅಚ್ಚುಗಳು ದೇಶವನ್ನೂ ದಾಟುತ್ತವೆ. ಎಂಆರ್‌ಎಫ್ ಮತ್ತು ಹ್ಯಾಸ್ಬ್ರೊ ಸೇರಿ 1987ರಲ್ಲಿ ಶುರು ಮಾಡಿದ ಫನ್‌ಸ್ಕೂಲ್, ಹ್ಯಾಸ್ಬ್ರೊದ ಅಚ್ಚುಗಳಿಂದ ಭಾರತದಲ್ಲೇ ಜಿ.ಐ. ಜೋ ತೆಗೆಯಿತು. ಬಣ್ಣ ಮಾತ್ರ ಇಲ್ಲಿಯದೇ. ಅಲ್ಲಿ ಕಾಡುಹಸಿರಾಗಿದ್ದ ಸೈನಿಕ ಇಲ್ಲಿ ಹಳದಿಯೋ ನೀಲಿಯೋ ಆಗಿ ಬಂದ. ನಮ್ಮಲ್ಲಿ ಹುಡುಗರು ಮಣ್ಣಲ್ಲಿ ಹೂತು ಮರೆತ ಆ ಗೊಂಬೆಗಳನ್ನೇ ಈಗ ವಿದೇಶದ ಸಂಗ್ರಾಹಕರು ಹುಡುಕ್ತಾರೆ. ಮನೆಯ ಅಟ್ಟದ ಮೇಲೆ ಅಣ್ಣನ ಹಳೇ ಡಬ್ಬಿ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ತೆಗೆದು ನೋಡಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಹಳಷ್ಟು 'ಲಿಮಿಟೆಡ್ ಎಡಿಷನ್'ಗಳಿಗೆ ಹೊಸ ಅಚ್ಚೇ ಇರೋದಿಲ್ಲ. ಲಕ್ಷಗಟ್ಟಲೆ ಮಾರಾಟವಾದ ಗೊಂಬೆಯ ಅಚ್ಚಿನ ಖರ್ಚು ಆಗಲೇ ಮರಳಿರುತ್ತದೆ. ಅದೇ ಅಚ್ಚಿನಲ್ಲಿ ಬೇರೆ ಬಣ್ಣದ ಪ್ಲಾಸ್ಟಿಕ್ ಹೊಯ್ದು, ಒಂದು ಹೊಸ ತಲೆ ಹಾಕಿ, 5,000ಕ್ಕೆ ನಿಲ್ಲಿಸಿದರೆ ಬರುವ ಹೆಚ್ಚಿನ ಬೆಲೆ ಬಹುಪಾಲು ಲಾಭವೇ. ಅಂದ್ರೆ ಈ ಕೊರತೆ ಯಂತ್ರದ್ದಲ್ಲ. ಒಂದು ಮೀಟಿಂಗಿನಲ್ಲಿ ಕೂತು ಬರೆದ ಅಂಕಿ.

ಕೊರತೆ ಮಾಡುವ ವಿಧಾನಗಳಲ್ಲಿ ಇದು ಸರಳವಾದದ್ದು. ಇದಕ್ಕಿಂತ ಚುರುಕಾದವು ಇವೆ. ಅಂಗಡಿಗೆ ಗೊಂಬೆ ಬಿಡಿಬಿಡಿಯಾಗಿ ಬರಲ್ಲ, ಪೆಟ್ಟಿಗೆಯಲ್ಲಿ ಬರುತ್ತದೆ. ಎಂಟು ಗೊಂಬೆಯ ಪೆಟ್ಟಿಗೆಯಲ್ಲಿ ನಾಯಕ ಎರಡೋ ಮೂರೋ, ಪಕ್ಕದ ಪಾತ್ರ ಒಂದೇ ಒಂದು. ಪೆಟ್ಟಿಗೆ ಒಡೆದವನೇ ಆ ಒಂದನ್ನು ಎತ್ತಿಕೊಂಡು ಆನ್‌ಲೈನಿನಲ್ಲಿ ಮೂರುಪಟ್ಟಿಗೆ ಹಾಕ್ತಾನೆ, ಉಳಿದ ನಾಯಕರು ಧೂಳು ಹಿಡಿದು ನೇತಾಡ್ತಾರೆ. ಹಾಟ್ ವೀಲ್ಸ್ 1995ರಲ್ಲಿ 'ಟ್ರೆಷರ್ ಹಂಟ್' ಶುರು ಮಾಡಿದಾಗ ಹನ್ನೆರಡು ಕಾರು, ಒಂದೊಂದು 10,000 ಮಾತ್ರ ಅಂತ ಘೋಷಿಸಿ ಸಾಮಾನ್ಯ ಕಾರುಗಳ ನಡುವೆಯೇ ಬಚ್ಚಿಟ್ಟಿತು. 2005ರಲ್ಲಿ ಟಾಯ್ ಬಿಜ್ ಕಂಪನಿ 'ಮಾರ್ವೆಲ್ ಲೆಜೆಂಡ್ಸ್' ಸರಣಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರತಿ ಡಬ್ಬಿಯಲ್ಲೂ ಗೆಲಾಕ್ಟಸ್ ಎಂಬ ದೊಡ್ಡ ಗೊಂಬೆಯ ಒಂದೊಂದು ತುಂಡು. ಕಾಲು ಒಂದರಲ್ಲಿ, ಎದೆ ಇನ್ನೊಂದರಲ್ಲಿ. ದೊಡ್ಡವನು ಬೇಕಾದರೆ ಬೇಡದವರನ್ನೂ ಕೊಳ್ಳಬೇಕು. ಒಬ್ಬ ಸಿಗಲಿಲ್ಲವೋ, ನಿಮ್ಮ ಗೆಲಾಕ್ಟಸ್ ಜೀವನಪೂರ್ತಿ ಕುಂಟ. ಐಡಿಯಾ ಚೆನ್ನಾಗಿದೆ ಅಂತ ಒಪ್ಪಲೇಬೇಕು, ಕೋಪದಲ್ಲೇ ಆದರೂ.

ಇವುಗಳಲ್ಲಿ ನಮಗೆ ಪ್ರಾಮಾಣಿಕ ಅನ್ನಿಸಿದ್ದು ಹ್ಯಾಸ್ಬ್ರೊದ 'ಹ್ಯಾಸ್‌ಲ್ಯಾಬ್'. 2018ರಲ್ಲಿ ಅವರು 500 ಡಾಲರಿನ ಒಂದು ದೊಡ್ಡ ಸ್ಟಾರ್ ವಾರ್ಸ್ ನೌಕೆಯ ಚಿತ್ರ ತೋರಿಸಿ, 5,000 ಜನ ಮುಂಚೆಯೇ ದುಡ್ಡಿಟ್ಟರೆ ಅಚ್ಚು ಹಾಕ್ತೀವಿ, ಇಲ್ಲದಿದ್ದರೆ ಇಲ್ಲ ಅಂದರು. 8,810 ಜನ ಬಂದರು. 2021ರಲ್ಲಿ ರ್‍ಯಾಂಕರ್ ಎಂಬ ದೈತ್ಯ ಪ್ರಾಣಿಗೆ 9,000 ಜನ ಬೇಕು ಅಂದರು, ಅಷ್ಟು ಸೇರಲಿಲ್ಲ, ಮಾಡಲೇ ಇಲ್ಲ. ಇಲ್ಲಿ ಬ್ರೇಕ್-ಈವನ್ ಲೆಕ್ಕ ಗ್ರಾಹಕನ ಕಣ್ಣೆದುರೇ ನಡೆಯುತ್ತದೆ. ಕೇಳಿ, ಎಣಿಸಿ, ಆಮೇಲೆ ಮಾಡೋದು. ಈ ಮಾತು ನೆನಪಿಟ್ಟುಕೊಳ್ಳಿ, ಕಿನ್ನಾಳಕ್ಕೆ ಹೋದಾಗ ಮತ್ತೆ ಬೇಕಾಗುತ್ತದೆ.

ಬಂದರಿನಿಂದ ಹಾಸ್ಟೆಲಿನವರೆಗೆ

ನಮ್ಮ ಮಟ್ಟಿಗೆ ಇನ್ನೊಂದು ಜಾತಿಯ ಕೊರತೆ ಇದೆ, ಅದು ದಾರಿಯದ್ದು. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿತು. 2023ರಲ್ಲಿ ಶೇ 70 ಮಾಡಿತು. 2,000 ರೂಪಾಯಿಯ ಗೊಂಬೆಗೆ ಸುಂಕವೇ 1,400, ಉಳಿದ ತೆರಿಗೆ, ಸಾಗಣೆ ಬೇರೆ. ಜೊತೆಗೆ 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಗೆ ಬಂತು. 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಬಿಐಎಸ್‌ನ ಐಎಸ್‌ಐ ಗುರುತು ಕಡ್ಡಾಯ. ದೊಡ್ಡ ಕಂಪನಿಯ ಸಾಮಾನ್ಯ ಗೊಂಬೆಗೆ ಈ ಪ್ರಮಾಣಪತ್ರ ಮಾಡಿಸೋದು ಲಾಭ. 300 ತುಂಡು ಮಾತ್ರ ಭಾರತಕ್ಕೆ ಬರುವ ವಿಶೇಷ ಆವೃತ್ತಿಗೆ ಯಾರು ಮಾಡಿಸ್ತಾರೆ? ಹಾಗಾಗಿ ಅಮೆರಿಕದಲ್ಲಿ ಅಪರೂಪದ್ದು ಅನ್ನಿಸಿದ್ದು ನಮಗೆ ಅಸಾಧ್ಯವೇ ಆಗಿಬಿಡುತ್ತದೆ. ಪ್ರೀ-ಆರ್ಡರ್ ತಗೊಂಡು ಎಂಟು ತಿಂಗಳು ದುಡ್ಡಿಟ್ಟುಕೊಂಡು 'ಕಸ್ಟಮ್ಸ್ ಸಮಸ್ಯೆ' ಅಂತ ರದ್ದು ಮಾಡಿದ ಅಂಗಡಿಯ ಅನುಭವ ನಮ್ಮಲ್ಲಿ ಇಬ್ಬರಿಗೆ ಇದೆ. ಹೆಸರು ಬೇಡ, ದುಡ್ಡು ವಾಪಸ್ ಬಂದಿದೆ.

ಸಿಟ್ಟು ಬರುತ್ತದೆ ನಿಜ. ಆದರೆ ಈ ಆದೇಶ ಸುಮ್ಮನೆ ಬಂದದ್ದಲ್ಲ. 2019ರಲ್ಲಿ ಭಾರತೀಯ ಗುಣಮಟ್ಟ ಪರಿಷತ್ತು ಆಮದು ಆಟಿಕೆಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 67ರಷ್ಟು ಫೇಲಾದವು. ಜಾತ್ರೆಯಲ್ಲಿ ನಮ್ಮ ತಮ್ಮ ತಂಗಿಯರ ಬಾಯಿಗೆ ಹೋಗೋದು ಅಂಥವೇ. ಸಣ್ಣ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳೋದು ತಮಾಷೆಯಲ್ಲ. ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಗೊಂಬೆಗೆ 1979ರಲ್ಲಿ ಬೆನ್ನಿನಿಂದ ಹಾರುವ ರಾಕೆಟ್ ಇಡಬೇಕಿತ್ತು. ಮಕ್ಕಳ ಗಂಟಲಿಗೆ ಅಪಾಯ ಅಂತ ಕೈಬಿಟ್ಟು ರಾಕೆಟ್ ಅಂಟಿಸಿಯೇ ಮಾರಿದರು. ಹಾರುವ ರಾಕೆಟ್ಟಿನ ಮಾದರಿಗಳು ಕೆಲವೇ ಉಳಿದವು, ಅದರಲ್ಲೊಂದು 2024ರ ಹರಾಜಿನಲ್ಲಿ 5 ಲಕ್ಷ ಡಾಲರ್ ದಾಟಿತು. ಸುರಕ್ಷತೆಯ ಕಾರಣಕ್ಕೆ ಹುಟ್ಟದೇ ಹೋದ ಗೊಂಬೆಯೇ ಎಲ್ಲಕ್ಕಿಂತ ದುಬಾರಿ.

ನಮ್ಮ ಗೋಳು ಇರೋದು ಬೇರೆ ಕಡೆ. ಯುರೋಪಿನ ನಿಯಮದಲ್ಲಿ '14 ವರ್ಷ ಮೇಲ್ಪಟ್ಟ ಸಂಗ್ರಾಹಕರಿಗೆ' ಅಂತ ಡಬ್ಬಿ ಮೇಲೆ ಸ್ಪಷ್ಟವಾಗಿ ಬರೆದರೆ ಅದು ಆಟಿಕೆಯ ಪಟ್ಟಿಯಿಂದ ಹೊರಗೆ. ಇಪ್ಪತ್ತೆರಡು ವರ್ಷದ ಸಂಗ್ರಾಹಕನ ಗಾಜಿನ ಕಪಾಟಿಗೆ ಹೋಗುವ ವಸ್ತುವನ್ನೂ ಎರಡು ವರ್ಷದ ಕೂಸಿನ ಕೈಗೆ ಹೋಗುವ ವಸ್ತುವನ್ನೂ ಬೇರೆ ಮಾಡುವ ಇಂಥ ಗೆರೆ ಎಲ್ಲ ಕಡೆ ಸ್ಪಷ್ಟವಾಗಿದ್ದರೆ ಒಳ್ಳೆಯದಿತ್ತು ಅನ್ನೋದು ನಮ್ಮ ಅಭಿಪ್ರಾಯ. ಅಂದಹಾಗೆ, ವಸ್ತುವಿಗೆ ಏನು ಹೆಸರು ಅನ್ನೋದರ ಮೇಲೆ ಕೋರ್ಟಿಗೇ ಹೋದವರಿದ್ದಾರೆ. ಅಮೆರಿಕದಲ್ಲಿ 'ಗೊಂಬೆ'ಗೆ ಸುಂಕ ಹೆಚ್ಚು, 'ಆಟಿಕೆ'ಗೆ ಕಡಿಮೆ ಇದ್ದ ಕಾಲದಲ್ಲಿ, ಎಕ್ಸ್-ಮೆನ್ ಪಾತ್ರಗಳು ಮನುಷ್ಯರೇ ಅಲ್ಲ, ಆದ್ದರಿಂದ ಗೊಂಬೆಯಲ್ಲ ಅಂತ ಟಾಯ್ ಬಿಜ್ ವಾದ ಮಾಡಿ 2003ರಲ್ಲಿ ಗೆದ್ದಿತು.

ಅಸಲಿ ಸಿಗದಿದ್ದಲ್ಲಿ ನಕಲಿ ಬರುತ್ತದೆ. ಇದಕ್ಕೆ ನಮ್ಮ ಮೆಕ್ಯಾನಿಕಲ್ ಲ್ಯಾಬಿನಲ್ಲೇ ಒಂದು ಮದ್ದಿದೆ: ವರ್ನಿಯರ್. ಎಬಿಎಸ್ ತಣ್ಣಗಾಗುವಾಗ ಸುಮಾರು ಶೇ 0.4ರಿಂದ 0.7ರಷ್ಟು ಕುಗ್ಗುತ್ತದೆ. ಅಸಲಿ ಅಚ್ಚು ಮಾಡುವವರು ಅದನ್ನು ಲೆಕ್ಕಹಾಕಿ ಅಚ್ಚನ್ನೇ ಅಷ್ಟು ದೊಡ್ಡದು ಮಾಡಿರ್ತಾರೆ. ನಕಲಿ ಮಾಡುವವನು ಅಂಗಡಿಯ ಗೊಂಬೆಯ ಮೇಲೆಯೇ ಅಚ್ಚು ತೆಗೆದರೆ ಅವನ ಗೊಂಬೆ ಮತ್ತೊಮ್ಮೆ ಕುಗ್ಗುತ್ತದೆ. ಆರು ಇಂಚು ಅಂದ್ರೆ 152.4 ಮಿಲಿಮೀಟರ್. ಅದರ ಶೇ 0.5 ಅಂದ್ರೆ 0.76 ಮಿಲಿಮೀಟರ್. ಕಣ್ಣಿಗೆ ಕಾಣಲ್ಲ, 0.02 ಲೀಸ್ಟ್ ಕೌಂಟಿನ ವರ್ನಿಯರಿಗೆ ಚೆನ್ನಾಗಿಯೇ ಕಾಣುತ್ತದೆ. ಕಾಲಿನ ಕೀಲು ವಾಲಿದರೆ ಎತ್ತರ ತಪ್ಪುತ್ತದೆ, ಆದ್ದರಿಂದ ಎದೆಯ ಅಗಲದಂಥ ಗಟ್ಟಿ ಭಾಗವನ್ನೇ ಗೆಳೆಯನ ಅಸಲಿಯ ಜೊತೆ ಹೋಲಿಸಿ. ಸ್ಕ್ಯಾನ್ ಮಾಡಿ ಅಳತೆ ಸರಿಪಡಿಸಿಕೊಳ್ಳುವ ಜಾಣ ನಕಲಿಗೆ ಈ ಮದ್ದು ನಾಟಲ್ಲ.

ಇನ್ನೊಂದು ಊರಿನ ಮಾತು. ಏಪ್ರಿಲ್, ಮೇನಲ್ಲಿ ಕೊಪ್ಪಳದ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಸೂರಿನ ಕೋಣೆಯ ಕಿಟಕಿ ಪಕ್ಕ ಇಟ್ಟ ಗೊಂಬೆಯ ಪಿವಿಸಿ ಕಾಲು ತನ್ನ ಭಾರಕ್ಕೇ ಬಾಗುತ್ತದೆ, ಬಿಳಿ ಎಬಿಎಸ್ ಹಳದಿಯಾಗುತ್ತದೆ. ಬಾಗಿದ್ದಕ್ಕೆ ಉಪಾಯ ಇದೆ. ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ. ಹಳದಿಯಾಗದಂತೆ ನೆರಳಿನಲ್ಲಿ ಇಡೋದೇ ಸುಲಭ.

ಭಾನಾಪುರ

ಇಷ್ಟೆಲ್ಲ ಸುಂಕ, ಪ್ರಮಾಣಪತ್ರದ ಹಿಂದೆ ಇದ್ದ ಆಸೆ ಒಂದೇ, ಆಟಿಕೆ ಇಲ್ಲೇ ತಯಾರಾಗಲಿ ಅನ್ನೋದು. ಆ ಆಸೆಯ ಒಂದು ವಿಳಾಸ ನಮ್ಮ ಜಿಲ್ಲೆಯೇ. ಹಳೇ ಯಲಬುರ್ಗಾ ತಾಲ್ಲೂಕಿನ, ಈಗ ಕುಕನೂರು ತಾಲ್ಲೂಕಿನ ಭಾನಾಪುರದ ಬಳಿ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಶಂಕುಸ್ಥಾಪನೆ ಮಾಡಿದರು. ಕಟ್ಟುತ್ತಿರುವುದು ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಕಂಪನಿ. 5,000 ಕೋಟಿ ರೂಪಾಯಿ ಹೂಡಿಕೆ, 40,000 ಉದ್ಯೋಗ ಅಂತ ಆಗ ಘೋಷಿಸಿದ್ದರು. ಹ್ಯಾಸ್ಬ್ರೊ, ಸ್ಪಿನ್ ಮಾಸ್ಟರ್‌ನಂಥ ಕಂಪನಿಗಳು ಏಕಸ್‌ನ ಗ್ರಾಹಕರು. ವಿಮಾನದ ಭಾಗ ಕೊರೆಯುವವರು ಆಟಿಕೆಗೆ ಬಂದದ್ದು ವಿಚಿತ್ರ ಅನ್ನಿಸಬಹುದು. ಅಚ್ಚು ಅಂದ್ರೆ ಕೂಡ ನಿಖರವಾಗಿ ಕೊರೆದ ಲೋಹವೇ, ಆದ್ದರಿಂದ ವಿಚಿತ್ರ ಏನಿಲ್ಲ. ಅಚ್ಚು ತಯಾರಿಸೋಕೆ ಒಂದು, ಅಚ್ಚಿನಿಂದ ತೆಗೆಯೋಕೆ ಇನ್ನೊಂದು ಅಂತ ಕೊಪ್ಪಳದ ಹೆಸರಿಟ್ಟ ಎರಡು ಕಂಪನಿಗಳನ್ನೇ ಅವರು ಮಾಡಿದ್ದಾರೆ.

ನಮ್ಮ ಜೂನಿಯರ್‌ಗಳು ಗಮನಿಸಬೇಕಾದ್ದು ಮೊದಲನೆಯದನ್ನು. ಅಚ್ಚಿನಿಂದ ತೆಗೆಯುವ ಕೆಲಸ ಇವತ್ತು ಇಲ್ಲಿ, ನಾಳೆ ಇನ್ನೂ ಅಗ್ಗದ ಊರಿನಲ್ಲಿ. ಹೀ-ಮ್ಯಾನ್ ಹುಲಿಯ ಕಥೆ, ಫನ್‌ಸ್ಕೂಲ್ ಕಥೆ ಹೇಳಿದ್ದು ಅದಕ್ಕೇ, ಅಚ್ಚಿಗೆ ಊರಿನ ಹಂಗಿಲ್ಲ, ಹಡಗು ಹತ್ತಿಸಿದರೆ ಹೋಯಿತು. ಅಚ್ಚನ್ನು ವಿನ್ಯಾಸ ಮಾಡುವ, ತಿದ್ದುವ ಕೈ ಮಾತ್ರ ಅಷ್ಟು ಸುಲಭಕ್ಕೆ ಹಡಗು ಹತ್ತಲ್ಲ. ಗಂಗಾವತಿ, ಕುಷ್ಟಗಿ ಹುಡುಗರಿಗೆ ಅಸೆಂಬ್ಲಿ ಲೈನಿನ ಕೆಲಸ ಸಿಕ್ಕರೆ ಸಂತೋಷ. ಟೂಲ್ ರೂಮಿನ ಕೆಲಸ ಸಿಕ್ಕರೆ ಅದು ಉಳಿಯುವ ಸಂತೋಷ.

ಕಿನ್ನಾಳ

ಕೊಪ್ಪಳದಿಂದ ಬಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ಕಿನ್ನಾಳ ಮುಟ್ಟಬಹುದು. ಇಲ್ಲಿನ ಚಿತ್ರಗಾರರ ಹಿರಿಯರೇ ಹಂಪಿಯ ಪಂಪಾಪತಿ ಗುಡಿಯ ಚಿತ್ರಗಳನ್ನು ಬರೆದವರು, ಅಲ್ಲಿನ ಮರದ ತೇರಿನ ಕೆತ್ತನೆಯೂ ಅವರದೇ ಅನ್ನೋ ಮಾತಿದೆ. ಕಿನ್ನಾಳ ಗೊಂಬೆಗೆ ಈಗ ಜಿಐ ಟ್ಯಾಗ್ ಇದೆ, ಅಂದ್ರೆ ಆ ಹೆಸರಿನಲ್ಲಿ ಬೇರೆ ಊರಿನವರು ಮಾರುವಂತಿಲ್ಲ.

ಇದರ ತಯಾರಿಕೆಯನ್ನು ಒಬ್ಬ ಮೆಟೀರಿಯಲ್ ಸೈನ್ಸ್ ವಿದ್ಯಾರ್ಥಿಯ ಕಣ್ಣಿನಿಂದ ನೋಡಿ. ಮರ ಹಗುರ ಜಾತಿಯದು. ಗೊಂಬೆಯನ್ನು ಒಂದೇ ಕೊರಡಿನಲ್ಲಿ ಕೆತ್ತಲ್ಲ, ಭಾಗ ಭಾಗವಾಗಿ ಕೆತ್ತಿ ಜೋಡಿಸ್ತಾರೆ. ಗರುಡನಿಗೆ 12 ಭಾಗ, ಸಿಂಹಾಸನದ ಮೇಲೆ ಕೂತ ಗಣಪನಿಗೆ 22 ಭಾಗ. ಕೀಲು ತಿರುಗಲ್ಲ ಅನ್ನೋದು ಬಿಟ್ಟರೆ ಭಾಗಗಳ ಪಟ್ಟಿ ಆ್ಯಕ್ಷನ್ ಫಿಗರ್‌ನದ್ದೇ. ಅಂಟು ಹುಣಸೆ ಬೀಜದ್ದು. ಹುಣಸೆ ಬೀಜದ ಗಂಜಿಯಲ್ಲಿ ಇರೋದು ಕ್ಸೈಲೊಗ್ಲೂಕನ್ ಎಂಬ ಪಾಲಿಸ್ಯಾಕರೈಡ್, ಬಟ್ಟೆ ಗಿರಣಿಗಳೂ ಅದನ್ನು ಬಳಸ್ತವೆ. ಆಮೇಲೆ ಬರೋದು 'ಕಿಟ್ಟ'. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಗರಗಸದ ಹೊಟ್ಟಿನ ಜೊತೆ ಹುಣಸೆ ಅಂಟಿನಲ್ಲಿ ಕಲಸಿದ ಹಿಟ್ಟು ಅದು. ನಾರು ಒಂದು, ಅದನ್ನು ಹಿಡಿಯುವ ಮ್ಯಾಟ್ರಿಕ್ಸ್ ಒಂದು. ನಾಲ್ಕನೇ ಸೆಮಿಸ್ಟರಿನಲ್ಲಿ ಕಾಂಪೋಸಿಟ್ ಅಂತ ಓದ್ತೀವಲ್ಲ, ಅದೇ. ಕಿಟ್ಟವನ್ನು ಮೈಪೂರ್ತಿ ಸವರಿ, ಅದರ ಮೇಲೆ ಹತ್ತಿ ಬಟ್ಟೆಯ ಸಣ್ಣ ತುಂಡುಗಳನ್ನು ಅಂಟಿಸ್ತಾರೆ. ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿದಾಗ ಜೋಡಣೆಯ ಗೆರೆ ಬಣ್ಣದವರೆಗೆ ಬಿರಿಯದ ಹಾಗೆ ತಡೆಯೋದು ಈ ಬಟ್ಟೆ. ಅದರ ಮೇಲೆ ಕಲ್ಲಿನ ಪುಡಿ ಮತ್ತು ಹುಣಸೆ ಅಂಟಿನ ಲೇಪ. ಅದೇ ಬಣ್ಣಕ್ಕೆ ಪ್ರೈಮರ್, ಅದನ್ನೇ ಗಟ್ಟಿಯಾಗಿ ಕಲಸಿ ಕಿರೀಟ, ಸರ, ತೋಳಬಂದಿಗಳನ್ನು ಉಬ್ಬು ಎತ್ತುತ್ತಾರೆ. ಕೊನೆಗೆ ಬಣ್ಣ.

ಇಲ್ಲಿ ಪ್ರತಿ ಪದರ ಒಣಗಬೇಕು. ಒಣಗದೆ ಮುಂದಿನದು ಹಾಕೋ ಹಾಗಿಲ್ಲ. ಮೋಡ ಕವಿದ ವಾರದಲ್ಲಿ ಉತ್ಪಾದನೆ ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಯಾವ ಮೀಟಿಂಗೂ ಬೇಡ. ಅಚ್ಚು ಇಲ್ಲದ್ದರಿಂದ ಎರಡು ಲಕ್ಷದ ಆಸೆಯೂ ಇಲ್ಲ. ಮೊದಲ ಗರುಡನಿಗೂ ನೂರನೇ ಗರುಡನಿಗೂ ಶ್ರಮ ಅಷ್ಟೇ. ಊರದೇವತೆಯ ಮೂರ್ತಿ ಬೇಕಾದವರು ಮುಂಚೆ ಬಂದು ಅಳತೆ ಹೇಳಿ, ಮುಂಗಡ ಕೊಟ್ಟು ಹೋಗ್ತಾರೆ, ಆಮೇಲೆ ಮರ ಕಡಿಯೋದು. ಹ್ಯಾಸ್‌ಲ್ಯಾಬ್ 2018ರಲ್ಲಿ ಕಂಡುಕೊಂಡ ದಾರಿ ಇಲ್ಲಿ ತಲೆಮಾರುಗಳ ರೂಢಿ. ಅಲ್ಲಿ 5,000 ಜನ ಸೇರಬೇಕು, ಇಲ್ಲಿ ಒಬ್ಬ ಬಂದರೂ ಕೆಲಸ ಶುರು.

ಲಿಮಿಟೆಡ್ ಎಡಿಷನ್ ಅನ್ನೋ ಮಾತು ನಿಜವಾಗಿ ಒಪ್ಪೋದು ಇದಕ್ಕೇ. ಆದರೂ ಬೆಲೆಯ ವಿಷಯಕ್ಕೆ ಬಂದಾಗ ಎಲ್ಲ ತಲೆಕೆಳಗು. ಬಣ್ಣ ಬದಲಿಸಿದ ಪ್ಲಾಸ್ಟಿಕ್ಕಿಗೆ ಡಬ್ಬಿ ಮೇಲಿನ ಅಂಕಿ ನೋಡಿ ತುಟಿ ಪಿಟಕ್ಕೆನ್ನದೆ ನಾಲ್ಕುಪಟ್ಟು ಕೊಡ್ತೀವಿ. ಹನ್ನೆರಡು ಭಾಗ ಕೆತ್ತಿ, ವಾರಗಟ್ಟಲೆ ಒಣಗಿಸಿ, ಕೈಯಲ್ಲಿ ಕಣ್ಣು ಬರೆದ ಗರುಡನಿಗೆ 'ಅಣ್ಣಾರ, ನೂರು ಕಡಿಮಿ ಮಾಡ್ರೀ' ಅಂತೀವಿ. ಚೌಕಾಸಿ ನಮ್ಮ ಕಡೆಯ ಅಭ್ಯಾಸ, ಅದನ್ನೇ ಪಾಪ ಅನ್ನೋದಿಲ್ಲ. ಆದರೆ ಇದಕ್ಕೆ ಒಂದು ಕಾರಣವೂ ಇದೆ. ಸಂಗ್ರಾಹಕರ ಮಾರುಕಟ್ಟೆ ನಿಂತಿರೋದು ದಾಖಲೆಯ ಮೇಲೆ: ಯಾರು ಮಾಡಿದ್ದು, ಯಾವಾಗ, ಎಷ್ಟರಲ್ಲಿ ಎಷ್ಟನೆಯದು. ಕಿನ್ನಾಳದ ಗೊಂಬೆಯ ಪೀಠ ತಿರುಗಿಸಿದರೆ ಸಾಮಾನ್ಯವಾಗಿ ಅಲ್ಲಿ ಏನೂ ಬರೆದಿರೋದಿಲ್ಲ. ಆದ್ದರಿಂದ ಇಪ್ಪತ್ತು ವರ್ಷ ಬಿಟ್ಟು ಅದೇ ಗೊಂಬೆ ದೊಡ್ಡ ಊರಿನ ಅಂಗಡಿಯಲ್ಲಿ ಹತ್ತುಪಟ್ಟು ಬೆಲೆಗೆ ಹೋದರೂ ಮಾಡಿದವರ ಹೆಸರು ಅದರ ಜೊತೆ ಹೋಗಲ್ಲ, ಅವರ ಮುಂದಿನ ಗೊಂಬೆಯ ಬೆಲೆ ಏರುವುದೂ ಇಲ್ಲ.

ಇದು ಬರೀ ಸಂಗ್ರಾಹಕನ ತಕರಾರಲ್ಲ. ಚಿತ್ರಗಾರರ ಮನೆಯ ಹುಡುಗನೊಬ್ಬ ಇವತ್ತು ಎರಡು ದಾರಿ ನೋಡ್ತಾನೆ. ಒಂದರಲ್ಲಿ ತಿಂಗಳು ತಿಂಗಳು ಸಂಬಳ, ಇನ್ನೊಂದರಲ್ಲಿ ಹಬ್ಬದ ಹಂಗಾಮಿನ ಗಳಿಕೆ. ಅವನು ಮೊದಲನೆಯದನ್ನು ಆರಿಸಿದರೆ ತಪ್ಪು ಹೇಳೋ ಹಕ್ಕು ಕ್ಯಾಂಪಸ್ ಪ್ಲೇಸ್‌ಮೆಂಟಿಗೆ ಕಾಯ್ತಾ ಇರೋ ನಮಗಂತೂ ಇಲ್ಲ. ಒಂದು ಅಚ್ಚು ಕಪಾಟಿಗೆ ಹೋದರೆ ಹತ್ತು ವರ್ಷ ಬಿಟ್ಟು ಎಣ್ಣೆ ಸವರಿ ಮತ್ತೆ ಮಷೀನಿಗೆ ಹಾಕಬಹುದು. ಕಿಟ್ಟ ಎಷ್ಟು ಗಟ್ಟಿ ಕಲಸಬೇಕು ಅಂತ ಗೊತ್ತಿರುವ ಬೆರಳು ಒಂದು ತಲೆಮಾರು ಬಿಟ್ಟರೆ ಮರಳಿ ಬರಲ್ಲ.

ಒಂದು ಸಮಾಧಾನದ ವಿಷಯ ಕಾನೂನಿನಲ್ಲೇ ಇದೆ. ಮೇಲೆ ಹೇಳಿದ ಗುಣಮಟ್ಟ ಆದೇಶದಿಂದ ಜಿಐ ನೋಂದಣಿಯಾದ ಆಟಿಕೆಗಳಿಗೂ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೂ ವಿನಾಯಿತಿ ಕೊಟ್ಟಿದ್ದಾರೆ. ಹಾಗಿಲ್ಲದಿದ್ದರೆ ಒಂದೊಂದು ಗರುಡನನ್ನೂ ಲ್ಯಾಬಿಗೆ ಕಳಿಸಬೇಕಾಗಿತ್ತು.

ಹಾಗಾಗಿ ಈ ಸೆಮಿಸ್ಟರಿನಲ್ಲಿ ಕ್ಲಬ್ಬಿನ ಕಡೆಯಿಂದ ಒಂದು ಕೆಲಸ ಹಿಡಿದಿದ್ದೇವೆ. ಕಿನ್ನಾಳದಿಂದ ಗೊಂಬೆ ತಂದವರೆಲ್ಲ ಮಾಡಿದವರ ಒಪ್ಪಿಗೆ ಪಡೆದು ಅವರ ಕೈಯಿಂದಲೇ ಪೀಠದ ಕೆಳಗೆ ಹೆಸರು, ತಿಂಗಳು, ವರ್ಷ ಬರೆಸಿಕೊಳ್ಳಬೇಕು. ಎಷ್ಟು ಭಾಗ, ಎಷ್ಟು ದಿನ ಹಿಡಿಯಿತು ಅನ್ನೋದನ್ನೂ ಕೇಳಿ ಒಂದು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿಡಬೇಕು. ಬೇರೆಯವರಿಗೆ ಕೊಟ್ಟರೆ ಚೀಟಿಯನ್ನೂ ಕೊಡಬೇಕು. ಡ್ರಾಯಿಂಗ್ ಚೆನ್ನಾಗಿ ಬರುವವರು ಗರುಡನ 12 ಭಾಗಗಳ ಅಸೆಂಬ್ಲಿ ಡ್ರಾಯಿಂಗ್ ತೆಗೆಯುವುದಾದರೆ ಮೊದಲು ಆ ಮನೆಯವರಿಗೆ ತೋರಿಸಿ. ಅದು ಅವರ ಬಳಿ ಇರಲಿ, ನಮ್ಮ ಗ್ರೂಪಿನಲ್ಲಿ ಹರಿದಾಡೋದು ಬೇಡ.

ಹೋಗುವವರಿಗೆ ಎರಡು ಮಾತು. ಗೌರಿ-ಗಣೇಶ ಹಬ್ಬದ ಹಿಂದಿನ ತಿಂಗಳು ಹೋಗಬೇಡಿ, ಆಗ ಯಾರಿಗೂ ಮಾತಾಡೋಕೆ ಪುರುಸೊತ್ತಿರಲ್ಲ. ವಾಪಸ್ ಬರುವಾಗ ಗೊಂಬೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಹೊಸ ಬಣ್ಣ ಬೆವರುತ್ತದೆ. ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ. ಗರುಡನ ರೆಕ್ಕೆ ಬಿಚ್ಚಿ ಬರಲ್ಲ.